ಯಾರು ಯಾರ ಶ್ರುತಿಗೆ ಬರಬೇಕು?

ಮಾನ್ಯ ಸಂಪಾದಕರೇ,

ಕಳೆದ ವಾರದ ವಾಚಕರ ವಿಭಾಗದಲ್ಲಿ ಇರಾನಿನ ಇಂದಿನ ಸಂಗೀತದ ಬಗ್ಗೆ ಓದುಗರೊಬ್ಬರ ಪತ್ರವಿತ್ತು. ನೇಯ್ ಎಂಬ ಕೊಳಲು, ಕೋಲುಗಳಿಂದ ಬಡಿದು ನುಡಿಸುವ ಸಂತೂರ್, ಕಮಾನಿನಿಂದ ನುಡಿಸುವ ಕಮಾಂಚೆ, ಇವುಗಳ ಹಿಂದೆ ನಲವತ್ತು ಪಿಟೀಲುಗಳನ್ನು ಕೂರಿಸಿದರೆ ಶಾಸ್ತ್ರೀಯ ಸಂಗೀತ ಸಿನಿಮಾದ ಹಿನ್ನೆಲೆ ಸಂಗೀತವಾಗಿಬಿಡುತ್ತದೆ, ನಮ್ಮ ವೀಣೆಗೂ ಇದೇ ಗತಿ ಕಾದಿದೆ ಎಂದು ಅವರು ಬರೆದಿದ್ದರು. ಅವರ ಸಂಕಟದಲ್ಲಿ ಅರ್ಧ ಪಾಲು ನನ್ನದೂ ಇದೆ. ಆದರೆ ದೂರು ಯಾರ ಮೇಲೆ ಹೇಳಬೇಕಿತ್ತೋ ಅವರನ್ನು ಬಿಟ್ಟು ಬೇರೆಯವರ ಮೇಲೆ ಹೇಳಿದ್ದಾರೆ ಎಂದು ಬಲವಾಗಿ ಅನ್ನಿಸಿದ್ದರಿಂದ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಜಾಗ ಕೊಡಿ.

ನಾನು ಬಳೇಪೇಟೆಯ ಒಂದು ಓಣಿಯಲ್ಲಿ ಮೂವತ್ತೆಂಟು ವರ್ಷಗಳಿಂದ ವೀಣೆಗೆ ಮೇಳ ಕಟ್ಟುತ್ತಿದ್ದೇನೆ. ತಂದೆಯಿಂದ ಬಂದ ಕೆಲಸ. ಜೇನುಮೇಣಕ್ಕೆ ಇದ್ದಿಲ ಪುಡಿ ಸೇರಿಸಿ ಕಾಯಿಸಿ, ದಂಡಿಯ ಎರಡೂ ಅಂಚಿಗೆ ಕಟ್ಟೆಯ ಹಾಗೆ ಹಾಕಿ, ಅದರ ಮೇಲೆ 24 ಹಿತ್ತಾಳೆ ಮೆಟ್ಟಿಲುಗಳನ್ನು ಒಂದೊಂದಾಗಿ ಕೂರಿಸಬೇಕು. ಮೇಣ ಆರುವ ಮೊದಲೇ ತಂತಿ ಮೀಟಿ ನೋಡಿ, ಮೆಟ್ಟಿಲನ್ನು ಕೂದಲೆಳೆಯಷ್ಟು ಅತ್ತ ಇತ್ತ ಸರಿಸಿ ಸ್ವರ ನಿಲ್ಲಿಸಬೇಕು. ಬೇಸಿಗೆಯಲ್ಲಿ ವೀಣೆಯನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ ಮೇಣ ಮೆತ್ತಗಾಗಿ ಮೆಟ್ಟಿಲು ಜಾರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನನಗೆ ಊಟಕ್ಕೂ ಬಿಡುವಿರುವುದಿಲ್ಲ. ಸ್ವರದ ಜಾಗ ಯಾವುದು ಎಂಬ ಪ್ರಶ್ನೆಯನ್ನು ನಾನು ದಿನಕ್ಕೆ ಹತ್ತು ಬಾರಿ ಬೆರಳ ತುದಿಯಲ್ಲಿ ಬಿಡಿಸುವವನು. ಆ ಒಂದು ಅರ್ಹತೆಯ ಮೇಲೆ ಬರೆಯುತ್ತಿದ್ದೇನೆ.

ಏಳೆಂಟು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಶಿರಾಜ್ ಊರಿನ ಹುಡುಗಿಯೊಬ್ಬಳು ಅಂಗಡಿಗೆ ಬಂದಳು. ಇಲ್ಲಿ ಕಾಲೇಜಿನಲ್ಲಿ ಓದುತ್ತಿದ್ದಳು. ಬಟ್ಟೆಯ ಚೀಲದಿಂದ ಒಂದು ಪುಟ್ಟ ವಾದ್ಯ ತೆಗೆದಳು. ಅದೇ ಸೆತಾರ್. ಹೆಸರಿನ ಅರ್ಥ ಮೂರು ತಂತಿ, ಇರುವುದು ನಾಲ್ಕು. ಸೀಳಿದ ಸೀಬೆಹಣ್ಣಿನ ಆಕಾರದ ಬುರುಡೆ ಹಿಪ್ಪುನೇರಳೆ ಮರದ್ದು. ರಾಮನಗರದ ಕಡೆ ರೇಷ್ಮೆಹುಳುವಿನ ಮೇವಿಗೆಂದು ನಾವು ಬೆಳೆಸುವ ಹಿಪ್ಪುನೇರಳೆಯಿಂದ ಅಲ್ಲಿ ವಾದ್ಯ ಮಾಡುತ್ತಾರೆ ಎಂಬುದು ನನಗೆ ಅವತ್ತು ತಿಳಿಯಿತು. ತಂತಿ ಹಾಯುವ ಮರದ ತುಂಡಿಗೆ ನಾವು ಕುದುರೆ ಎನ್ನುತ್ತೇವಲ್ಲ, ಅವರು ಅದಕ್ಕೆ ಖರಕ್ ಎನ್ನುತ್ತಾರಂತೆ. ಪುಟ್ಟ ಕತ್ತೆ ಎಂದು ಅರ್ಥ. ಸಂಸ್ಕೃತದ ಖರ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಆ ಸೆತಾರಿನ ಎರಡು ಮೆಟ್ಟಿಲು ಸಡಿಲವಾಗಿದ್ದವು. ಅಲ್ಲಿ ಮೇಣವೂ ಇಲ್ಲ, ಹಿತ್ತಾಳೆಯೂ ಇಲ್ಲ. ಕುತ್ತಿಗೆಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದ ಸಣ್ಣ ದಾರವೇ ಮೆಟ್ಟಿಲು. ಹೊಸ ದಾರ ಕಟ್ಟಿ, ನನ್ನ ಅಭ್ಯಾಸದಂತೆ ಒಂದನ್ನು ಸಾಧಾರಣ ಗಾಂಧಾರಕ್ಕೂ ಇನ್ನೊಂದನ್ನು ಅದಕ್ಕಿಂತ ಅರ್ಧ ಸ್ವರ ಮೇಲಿನ ಅಂತರ ಗಾಂಧಾರಕ್ಕೂ ಕೂರಿಸಿ ಕೊಟ್ಟೆ. ಅವಳು ತೋರುಬೆರಳಿನ ಉಗುರಿನಿಂದ ಎರಡು ಸಲ ಮೀಟಿ, ತಲೆ ಅಲ್ಲಾಡಿಸಿ, ಎರಡನೆಯ ದಾರವನ್ನು ಉಗುರಿನಿಂದಲೇ ಹಿಂದಕ್ಕೆ ತಳ್ಳತೊಡಗಿದಳು. ಅಂತರ ಗಾಂಧಾರ ಬಿಟ್ಟು ಇಳಿಯಿತು. ಸಾಧಾರಣವನ್ನು ಮುಟ್ಟಲಿಲ್ಲ. ಎರಡಕ್ಕೂ ನಡುವೆ, ನಾನು ಜೀವಮಾನದಲ್ಲಿ ಯಾವ ಮೆಟ್ಟಿಲನ್ನೂ ಕೂರಿಸದ ಜಾಗದಲ್ಲಿ ನಿಲ್ಲಿಸಿದಳು. ನನ್ನ ಕಿವಿ ಅದನ್ನು ಅಪಸ್ವರ ಎಂದಿತು. ತಡೆಯಲಾರದೆ ಬೆರಳು ಮುಂದೆ ಚಾಚಿಯೂ ಬಿಟ್ಟೆ. ಅವಳು ನಕ್ಕು, ಸ್ವಲ್ಪ ಕೇಳಿ ಎಂದು ಕೈಸನ್ನೆ ಮಾಡಿ ನುಡಿಸತೊಡಗಿದಳು. ಹತ್ತು ಹದಿನೈದು ನಿಮಿಷ ನುಡಿಸಿರಬಹುದು. ಮೊದಲ ಮೂರು ನಾಲ್ಕು ನಿಮಿಷ ಆ ಸ್ವರ ನನಗೆ ಹಲ್ಲಿಗೆ ಸಿಕ್ಕಿದ ಕಲ್ಲಾಗಿತ್ತು. ಆಮೇಲೆ ಯಾವಾಗ ಎಂದು ಗೊತ್ತಿಲ್ಲ, ಉಳಿದ ಸ್ವರಗಳೆಲ್ಲ ಅದರ ಕಡೆಗೇ ನಡೆದು ಹೋಗುತ್ತಿವೆ, ಅದೇ ಮನೆ, ಮಿಕ್ಕವೆಲ್ಲ ದಾರಿ ಎಂದು ಕೇಳಿಸತೊಡಗಿತು. ನುಡಿಸಿದ್ದು ಸೆಗಾಹ್, ನಮ್ಮ ರಾಗದಂಥದ್ದು ಎಂದಳು. ಆ ನಡುವಿನ ಸ್ವರದ ಹೆಸರು ಕೊರೊನ್.

ಅಂದಿನಿಂದ ಆ ಸಂಗೀತದ ಹಿಂದೆ ಬಿದ್ದೆ. ಅವರಲ್ಲಿ ನಮ್ಮ ರಾಗಗಳ ಕುಟುಂಬದಂಥ ಏಳು ದೊಡ್ಡ ದಸ್ತ್‌ಗಾಹ್‌ಗಳಿವೆ, ಅವುಗಳಿಂದ ಕವಲೊಡೆದ ಐದು ಆವಾಜ್‌ಗಳಿವೆ. ಒಂದೊಂದರಲ್ಲಿಯೂ ಗುಶೆ ಎಂಬ ಸಣ್ಣ ಸಣ್ಣ ಸಂಚಾರಗಳು. ಇವೆಲ್ಲವನ್ನೂ ಗುರುವಿನ ಬಾಯಿಂದ, ಕೈಯಿಂದ ಕಲಿತು ಕಂಠಸ್ಥ ಮಾಡಿಕೊಳ್ಳುವ ಭಂಡಾರವೇ ರದೀಫ್. ಕನ್ನಡದಲ್ಲಿ ಗಜಲ್ ಬರೆಯುವವರಿಗೆ ರದೀಫ್ ಪದ ಗೊತ್ತು. ಸಂಗೀತದಲ್ಲಿ ಅದರ ಅರ್ಥ ಬೇರೆ. 2009ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಬರೆದಿಟ್ಟ ಸ್ವರಪ್ರಸ್ತಾರ ನೋಡಿ ಹತ್ತಾರು ಜನ ಒಟ್ಟಿಗೆ ನುಡಿಸುವ ಆರ್ಕೆಸ್ಟ್ರಾಕ್ಕೂ ಇದಕ್ಕೂ ಹೇಗೆ ಹೊಂದಿಕೆಯಾದೀತು ಎಂದು ಪತ್ರ ಬರೆದವರು ಕೇಳಿದ್ದಾರೆ. ಸರಿಯಾದ ಪ್ರಶ್ನೆ. ಇರಾನಿನವರು ನೂರು ವರ್ಷಗಳಿಂದ ಅದೇ ಪ್ರಶ್ನೆಯ ಜೊತೆ ಗುದ್ದಾಡುತ್ತಿದ್ದಾರೆ.

ಮೊದಲು ಗುದ್ದಾಡಿದವರಲ್ಲಿ ಒಬ್ಬರು ಅಲಿ ನಖಿ ವಜೀರಿ. ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು, ತಾರ್ ಎಂಬ ತಂತಿವಾದ್ಯ ನುಡಿಸುವವರು. ಪ್ಯಾರಿಸ್, ಬರ್ಲಿನ್‌ಗಳಲ್ಲಿ ಪಾಶ್ಚಾತ್ಯ ಸಂಗೀತ ಕಲಿತು 1920ರ ದಶಕದಲ್ಲಿ ಟೆಹರಾನಿಗೆ ಮರಳಿ ಶಾಲೆ ತೆರೆದರು. ಅಲ್ಲಿನ ಸ್ವರಗಳನ್ನು ಪಾಶ್ಚಾತ್ಯ ಲಿಪಿಯಲ್ಲಿ ಬರೆಯಲು ಹೋದರೆ ಆ ನಡುವಿನ ಸ್ವರಕ್ಕೆ ಚಿಹ್ನೆಯೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಸ್ವರವನ್ನೇ ಹತ್ತಿರದ ಮನೆಗೆ ಸರಿಸಿ ಕೆಲಸ ಮುಗಿಸುತ್ತಿದ್ದರೇನೋ. ವಜೀರಿ ಹೊಸ ಚಿಹ್ನೆಗಳನ್ನೇ ಮಾಡಿದರು. ಸುಮಾರು ಕಾಲು ಸ್ವರ ಇಳಿದದ್ದು ಕೊರೊನ್, ಸುಮಾರು ಕಾಲು ಸ್ವರ ಏರಿದ್ದು ಸೊರಿ. ಇಂದಿಗೂ ಇರಾನಿನ ಸ್ವರಪ್ರಸ್ತಾರದ ಹಾಳೆಗಳಲ್ಲಿ ಆ ಎರಡು ಚಿಹ್ನೆಗಳಿವೆ. ಸ್ಥಾಯಿಯನ್ನು 24 ಸಮಭಾಗ ಮಾಡಬೇಕೆಂಬ ಅವರ ವಾದವನ್ನು ಮುಂದಿನ ವಿದ್ವಾಂಸರು ಒಪ್ಪಲಿಲ್ಲ. ಕೊರೊನ್ ಅಳತೆಪಟ್ಟಿಯ ಗೆರೆಯಲ್ಲ, ದಸ್ತ್‌ಗಾಹ್ ಬದಲಾದಂತೆ, ನುಡಿಸುವವರು ಬದಲಾದಂತೆ ತುಸು ಸರಿಯುತ್ತದೆ ಎಂದು ಅವರು ತೋರಿಸಿದರು. ಸ್ಥಾಯಿಯಲ್ಲಿ 22 ಶ್ರುತಿಗಳಿವೆಯೇ ಎಂಬ ನಮ್ಮ ಜಗಳ ಕೇಳುತ್ತ ಬೆಳೆದ ನನಗೆ ಇದು ತೀರ ಪರಿಚಿತ ಜಗಳ. ನನ್ನ ಕೈ ವಿದ್ವಾಂಸರ ಕಡೆಗಿದೆ. ಆದರೂ ವಜೀರಿಯವರ ಬಗ್ಗೆ ನನಗೆ ಗೌರವ ಹೆಚ್ಚು. ಕಾಗದ ಬದಲಾಗಲಿ, ಸ್ವರ ಇದ್ದ ಕಡೆ ಇರಲಿ ಎಂದವರು ಅವರು.

ಪಿಯಾನೊ ಎಂದರೆ ಯಾರಿಗೂ ಬಗ್ಗದ ವಾದ್ಯ ಎಂದು ನಾವು ತಿಳಿದಿದ್ದೇವೆ. ಇರಾನಿನ ಮುರ್ತಜಾ ಮಹ್‌ಜೂಬಿ ಎಂಬ ಕಲಾವಿದರು ಪಿಯಾನೊದ ತಂತಿಗಳನ್ನೇ ತಮ್ಮ ಸಂಗೀತಕ್ಕೆ ಶ್ರುತಿ ಮಾಡಿಕೊಂಡು ನುಡಿಸಿದರು. ಆ ಹಳೆಯ ರೇಡಿಯೊ ಧ್ವನಿಮುದ್ರಣ ಕೇಳಿದರೆ ಪಿಯಾನೊದ ಒಳಗೆ ಸಂತೂರ್ ಕೂತಿದೆ ಎನ್ನಿಸುತ್ತದೆ. 1958ರಲ್ಲಿ ಹುಸೇನ್ ದೆಹ್ಲವಿ ಮತ್ತು ಸಂತೂರ್ ವಾದಕ ಫರಾಮರ್ಜ್ ಪಾಯ್ವರ್ ಸೇರಿ ಸಂತೂರ್ ಹಾಗೂ ಆರ್ಕೆಸ್ಟ್ರಾಕ್ಕಾಗಿ ಕೃತಿ ರಚಿಸಿದರು. 18 ಕುದುರೆ, 72 ತಂತಿಗಳ ಆ ವಾದ್ಯವನ್ನು ಶ್ರುತಿ ಮಾಡುವುದೇ ಒಂದು ತಪಸ್ಸು.

ನನ್ನನ್ನು ಕಟ್ಟಿಹಾಕಿದ್ದು ಹುಸೇನ್ ಅಲಿಜಾದೇ ಅವರ 'ನೇಯ್‌ನವಾ'. ಆ ಹುಡುಗಿಯೇ ನನ್ನ ಮೊಬೈಲಿಗೆ ಹಾಕಿಕೊಟ್ಟದ್ದು. 1983ರ ಕೃತಿ. ಇರಾನ್ ಆಗ ಇರಾಕಿನೊಡನೆ ಯುದ್ಧದಲ್ಲಿತ್ತು. ನೇಯ್ ಎಂದರೆ ಬೆತ್ತದಂಥ ಜೊಂಡಿನ ಕೊಳಲು, ನವಾ ಎಂಬುದು ಏಳು ದಸ್ತ್‌ಗಾಹ್‌ಗಳಲ್ಲಿ ಒಂದು. ಎರಡೂ ಸೇರಿದರೆ ಇಮಾಮ್ ಹುಸೇನರು ಹತರಾದ ಕರ್ಬಲಾದ ಇನ್ನೊಂದು ಹೆಸರೂ ಆಗುತ್ತದೆ. ಮೊಹರಂ ದಿನಗಳಲ್ಲಿ ಜಾನ್ಸನ್ ಮಾರುಕಟ್ಟೆಯ ಕಡೆ ಹೋದವರಿಗೆ ಆ ಹೆಸರಿನ ಭಾರ ಏನೆಂದು ತಿಳಿಯುತ್ತದೆ. ಒಬ್ಬ ನೇಯ್ ವಾದಕ, ಅವನ ಸುತ್ತ ಪಿಟೀಲು ಕುಟುಂಬದ ವಾದ್ಯಗಳು ಮಾತ್ರ. ಪಿಯಾನೊ ಇಲ್ಲ, ತುತ್ತೂರಿಗಳಿಲ್ಲ. ಇದು ಬೇಕೆಂದೇ ಮಾಡಿದ ಆಯ್ಕೆ ಎಂದು ನನ್ನ ನಂಬಿಕೆ. ಪಿಟೀಲಿಗೆ ಮೆಟ್ಟಿಲುಗಳಿಲ್ಲ, ಬೆರಳು ಎಲ್ಲಿ ಒತ್ತಿದರೆ ಅಲ್ಲಿ ಸ್ವರ. ಅದು ಕೊರೊನ್ ಇರುವಲ್ಲಿಗೆ ಹೋಗಬಲ್ಲದು. ನೇಯ್ ವಾದಕ ಕೊಳಲಿನ ತುದಿಯನ್ನು ಹಲ್ಲುಗಳ ನಡುವೆ ಹಿಡಿದು ಊದುತ್ತಾನೆ. ಸ್ವರದ ಜೊತೆಗೆ ಉಸಿರೂ ಕೇಳಿಸುತ್ತದೆ, ಅತ್ತು ಸುಮ್ಮನಾದವರ ಉಸಿರಿನ ಹಾಗೆ. ಆ ಉಸಿರನ್ನು ಮುಚ್ಚದಂತೆ ಅಷ್ಟೂ ಪಿಟೀಲುಗಳು ಕೆಳಗೆ ನೆಲ ಹಾಸಿಕೊಡುತ್ತವೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬಾಗಿಲು ಹಾಕಿಕೊಂಡು ಕೇಳಿದೆ. ಮುಗಿದ ಮೇಲೆ ಬೀಗ ಎಲ್ಲಿಟ್ಟಿದ್ದೇನೆಂದು ಹುಡುಕಲು ಬಹಳ ಹೊತ್ತು ಬೇಕಾಯಿತು.

ಕೈಹಾನ್ ಕಲ್ಹೋರ್ ಅವರದು ಇನ್ನೊಂದು ದಾರಿ. ಕಮಾಂಚೆ ನುಡಿಸುವಾಗ ತಂತಿ ಬದಲಿಸಲು ಕಮಾನನ್ನು ಬಾಗಿಸುವುದಕ್ಕಿಂತ ವಾದ್ಯವನ್ನೇ ತೊಡೆಯ ಮೇಲೆ ತಿರುಗಿಸುತ್ತಾರೆ, ನೋಡಲೇ ಚೆಂದ. ಕುರ್ದ್ ಮನೆತನದ ಇವರು 1988ರಲ್ಲಿ ವಿಷಾನಿಲಕ್ಕೆ ಬಲಿಯಾದ ಇರಾಕಿನ ಹಲಬ್ಜಾ ಪಟ್ಟಣವನ್ನು ನೆನೆದು ಸುಮಾರು ಅರ್ಧ ಗಂಟೆಯ ಕೃತಿ ಮಾಡಿ, ಅಮೆರಿಕದ ನಾಲ್ವರು ತಂತಿವಾದಕರೊಡನೆ 2008ರಲ್ಲಿ ಧ್ವನಿಮುದ್ರಿಸಿದರು. ಅಮೆರಿಕದಲ್ಲಿ ನೆಲೆಸಿರುವ ರೆಜಾ ವಲಿ ಎಂಬ ಸಂಯೋಜಕರಂತೂ ಪಾಶ್ಚಾತ್ಯ ಶ್ರುತಿಪದ್ಧತಿಯಲ್ಲಿ ಪೂರ್ತಿ ಪಳಗಿ, ಆಮೇಲೆ ಅದನ್ನು ಬದಿಗಿಟ್ಟು, ಪಾಶ್ಚಾತ್ಯ ವಾದಕರಿಗೇ ದಸ್ತ್‌ಗಾಹ್‌ನ ಸ್ವರಗಳನ್ನು ಬರೆಯತೊಡಗಿದರು. ನೇಯ್ ಮತ್ತು ಪೂರ್ಣ ಆರ್ಕೆಸ್ಟ್ರಾಕ್ಕೂ ಅವರದೊಂದು ಕೃತಿಯಿದೆ.

ಎಲ್ಲವೂ ಹೀಗಿಲ್ಲ. ಜೋಲಾಡುವ ಪಿಟೀಲುಗಳ ಮೇಲೆ ಒಂದು ಹಳೆಯ ರಾಗಮಟ್ಟು ತೇಲಿಸಿ, ಕೊರೊನ್ ಬಂದ ಕಡೆ ಮೆಲ್ಲನೆ ಜಾರಿಸಿಕೊಂಡು ಹೋಗುವ ಧ್ವನಿಮುದ್ರಣಗಳೂ ಬೇಕಾದಷ್ಟಿವೆ. ಪತ್ರ ಬರೆದವರು ಕೇಳಿದ್ದು ಬಹುಶಃ ಅಂಥವನ್ನೇ. ಅವುಗಳ ಬಗ್ಗೆ ಅವರ ಒಂದು ಮಾತನ್ನೂ ನಾನು ಅಲ್ಲಗಳೆಯುವುದಿಲ್ಲ.

ಈಗ ನಮ್ಮೂರಿಗೆ ಬರುತ್ತೇನೆ. ಎರಡು ವರ್ಷಗಳ ಹಿಂದೆ ನಗರದ ದೊಡ್ಡ ಸಭಾಂಗಣವೊಂದರಲ್ಲಿ ವೀಣೆ, ಮೃದಂಗ, ಕೀಬೋರ್ಡ್, ಹನ್ನೆರಡು ಪಿಟೀಲುಗಳ ಕಾರ್ಯಕ್ರಮವಿತ್ತು. ನಾನು ಬಹಳ ವರ್ಷಗಳಿಂದ ಮೇಳ ಕಟ್ಟಿಕೊಡುತ್ತಿರುವ ವಿದುಷಿಯೊಬ್ಬರು ಅಂದು ಬೆಳಗ್ಗೆ ಫೋನ್ ಮಾಡಿ, ಸಾಮಾನು ತೆಗೆದುಕೊಂಡು ಕೂಡಲೇ ಬನ್ನಿ ಎಂದರು. ಹೋದೆ. ವೇದಿಕೆಯ ಹಿಂದಿನ ಕೋಣೆಯಲ್ಲಿ ವೀಣೆ ಮುಂದಿಟ್ಟುಕೊಂಡು ಕೂತಿದ್ದರು. ಹಿಂದಿನ ಸಂಜೆ ಎರಡು ಗಂಟೆಯ ಅಭ್ಯಾಸ ಆಗಿತ್ತಂತೆ, ಅಷ್ಟೇ. ವೀಣೆಯ ಕೆಲವು ಸ್ವರಗಳು ಕೀಬೋರ್ಡಿಗೆ ಹೊಂದುತ್ತಿಲ್ಲ, ಮೆಟ್ಟಿಲು ಸರಿಸಿಕೊಳ್ಳಿ ಎಂದು ಸಂಯೋಜನೆ ಮಾಡಿದವರು ಹೇಳಿದ್ದರು. ತೋಡಿ ರಾಗದಲ್ಲಿ ಗಾಂಧಾರವನ್ನು ಅಷ್ಟು ಆಡಿಸಬೇಡಿ, ಹಿಂದೆ ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ, ಅಂದರೆ ಕಾರ್ಡ್, ಕೆಡುತ್ತದೆ ಎಂದೂ ಹೇಳಿದ್ದರು. ತೋಡಿಯ ಗಾಂಧಾರವನ್ನು ಆಡಿಸಬಾರದಂತೆ! ಅದು ನಿಂತುಬಿಟ್ಟರೆ ತೋಡಿ ಎಲ್ಲಿಂದ ಬರಬೇಕು? ಆ ಅಮ್ಮ ನನ್ನ ಮುಖ ನೋಡಿ, "ಏನು ಮಾಡೋಣ, ಒಪ್ಪಿಕೊಂಡಾಗಿದೆ" ಎಂದರು. ಸ್ಪಿರಿಟ್ ದೀಪ ಹಚ್ಚಿ, ಮೇಣ ಮೆತ್ತಗೆ ಮಾಡಿ, ಮೂರು ಮೆಟ್ಟಿಲುಗಳನ್ನು ಕೀಬೋರ್ಡಿಗೆ ಹಿಡಿದು ಸರಿಸಿದೆ. ಅವರು ಸಂಜೆ ಗಾಂಧಾರವನ್ನು ಕಂಬದ ಹಾಗೆ ನಿಲ್ಲಿಸಿ ನುಡಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನ ವೀಣೆ ನನ್ನ ಅಂಗಡಿಗೆ ಬಂತು, ಮೆಟ್ಟಿಲುಗಳನ್ನು ಮತ್ತೆ ಅವುಗಳ ಜಾಗಕ್ಕೆ ತಂದೆ. ಆ ಕೆಲಸಕ್ಕೆ ನಾನು ಹಣ ತೆಗೆದುಕೊಳ್ಳಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ.

ಅಂದು ಅಲ್ಲಿ ಹನ್ನೆರಡು ಪಿಟೀಲುಗಳಿದ್ದವು ಎಂಬುದನ್ನು ಗಮನಿಸಬೇಕು. ಅವುಗಳಿಂದ ತೋಡಿಗೆ ಏನೂ ಕೆಡುಕಾಗಲಿಲ್ಲ. ವಾದಕರಿಗೆ ನಾಲ್ಕು ದಿನ ಕೊಟ್ಟು, ವಿದುಷಿಯ ಪಕ್ಕದಲ್ಲಿ ಕೂರಿಸಿ, ಈ ಗಾಂಧಾರ ಹೀಗೆ ತೂಗುತ್ತದೆ, ನೀವು ಇಲ್ಲಿ ಷಡ್ಜವನ್ನು ಮಾತ್ರ ಹಿಡಿದುಕೊಳ್ಳಿ ಎಂದು ಹೇಳಿದ್ದರೆ ಸಾಕಿತ್ತು. ಪಿಟೀಲು ಎರಡು ನೂರು ವರ್ಷಗಳ ಹಿಂದೆ ದಕ್ಷಿಣಕ್ಕೆ ಬಂದಾಗ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ತಂದುಕೊಂಡರು. ಷಡ್ಜ, ಪಂಚಮ, ಷಡ್ಜ, ಪಂಚಮ ಎಂದು ಅದರ ತಂತಿಗಳು ನಮ್ಮ ಶ್ರುತಿಗೆ ಬಂದವು, ಅದರ ತಲೆ ನಮ್ಮ ಪಾದದ ಮೇಲೆ ಬಂದು ಕೂತಿತು. ಮೈಸೂರು ಚೌಡಯ್ಯನವರು ಅದಕ್ಕೆ ಇನ್ನೂ ಮೂರು ತಂತಿ ಕಟ್ಟಿ ಏಳು ಮಾಡಿದರು. ಅವರ ಹೆಸರಿನ, ಪಿಟೀಲಿನದೇ ಆಕಾರದ ಸಭಾಂಗಣ ನಮ್ಮೂರಲ್ಲಿ ನಿಂತಿದೆ. ಇಷ್ಟೆಲ್ಲ ಮಾಡಿದ ನಾವು ಒಂದು ಕೀಬೋರ್ಡಿನ ಮುಂದೆ ವೀಣೆಯ ಮೇಣ ಕರಗಿಸುವುದೇ?

ಆರ್ಕೆಸ್ಟ್ರಾವನ್ನೇ ನಮ್ಮ ಶ್ರುತಿಗೆ ತರುವುದು ದುಡ್ಡಿರುವ ಪಶ್ಚಿಮದವರಿಗೆ ಮಾತ್ರ ಆಗುವ ಕೆಲಸ ಎನ್ನುವವರಿಗೆ ಇರಾನನ್ನೇ ತೋರಿಸುತ್ತೇನೆ. ಅಲ್ಲಿನ ಸರ್ಕಾರಿ ಟಿವಿಯಲ್ಲಿ ಸಂಗೀತ ಕೇಳಿಸುತ್ತಾರೆ, ವಾದ್ಯವನ್ನು ತೋರಿಸುವುದಿಲ್ಲ. ಗಂಡಸರೂ ಇರುವ ಸಭೆಯಲ್ಲಿ ಹೆಣ್ಣು ಒಬ್ಬಳೇ ನಿಂತು ಹಾಡುವಂತಿಲ್ಲ. 1933ರಷ್ಟು ಹಳೆಯ ಟೆಹರಾನ್ ಸಿಂಫನಿ ಆರ್ಕೆಸ್ಟ್ರಾ ನಿಂತು ನಿಂತು ನಡೆದಿದೆ. ಅಂಥ ಕಡೆ ಈ ಕೃತಿಗಳು ಹುಟ್ಟಿವೆ.

ನಮಗೆ ಆರ್ಕೆಸ್ಟ್ರಾ ಹೊಸದೂ ಅಲ್ಲ. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವಿತ್ತು. ಜಯಚಾಮರಾಜೇಂದ್ರ ಒಡೆಯರು ರಷ್ಯದ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೇ ಅರ್ಪಿಸಿದ್ದಾರೆ. ಅದೇ ಒಡೆಯರು ಕರ್ನಾಟಕ ಪದ್ಧತಿಯಲ್ಲಿ 94 ಕೃತಿಗಳನ್ನು ರಚಿಸಿದರು. ಪರ್ಷಿಯಾ ಕೂಡ ನಮಗೆ ದೂರದ್ದಲ್ಲ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲಶಾಹಿ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಮುದ್ದಿಸಿದವನು. ಅವನ ಹಾಡುಗಳ ಪುಸ್ತಕಕ್ಕೆ ಮುನ್ನುಡಿ ಬರೆದದ್ದು ಪರ್ಷಿಯಾದಿಂದ ಬಂದ ಕವಿ. ಇಲ್ಲಿ ಬೆಂಗಳೂರಿನಲ್ಲೇ ಅಲಿ ಆಸ್ಕರ್ ರಸ್ತೆಯಿದೆಯಲ್ಲ, ಆ ಆಗಾ ಅಲಿ ಆಸ್ಕರ್ ಕುದುರೆ ವ್ಯಾಪಾರಕ್ಕೆಂದು ಶಿರಾಜಿನಿಂದ ಬಂದವರು. ಮುಂದೆ ದಿವಾನರಾದ ಮಿರ್ಜಾ ಇಸ್ಮಾಯಿಲ್ ಈ ಆಗಾ ಅವರ ಮೊಮ್ಮಗ. ಆ ಹುಡುಗಿಗೆ ಇದನ್ನು ಹೇಳಿದಾಗ ಅವಳು ಮರುದಿನವೇ ಹೋಗಿ ರಸ್ತೆಯ ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಅಮ್ಮನಿಗೆ ಕಳುಹಿಸಿದಳು.

ನನ್ನ ಕೋರಿಕೆ ಇಷ್ಟು. ಹಬ್ಬದ ಕಾಲದಲ್ಲಿ ಲಕ್ಷಗಟ್ಟಲೆ ಖರ್ಚು ಮಾಡಿ ಇಂಥ ಕಾರ್ಯಕ್ರಮ ಏರ್ಪಡಿಸುವವರು ದೀಪ, ಪರದೆಗೆ ಕೊಡುವ ಹಣದಲ್ಲಿ ಸ್ವಲ್ಪವನ್ನು ಅಭ್ಯಾಸದ ದಿನಗಳಿಗೆ ಕೊಡಲಿ. ಸಂಗೀತದ ಅಕಾಡೆಮಿ, ವಿಶ್ವವಿದ್ಯಾಲಯಗಳು ಯುವ ಸಂಯೋಜಕರನ್ನು ಕರೆದು, ವೀಣೆಯೇ ಮುಂದಿರುವ, ಕೀಬೋರ್ಡ್ ಇಲ್ಲದ, ಹತ್ತು ಹದಿನೈದು ತಂತಿವಾದ್ಯಗಳ ಒಂದು ಕೃತಿಯನ್ನು ಬರೆಸಲಿ. ಗಮಕವನ್ನು, ಅಂದರೆ ಸ್ವರವನ್ನು ಆಡಿಸುವ ಬಗೆಯನ್ನು, ಬರೆಯಲು ಚಿಹ್ನೆ ಇಲ್ಲದಿದ್ದರೆ ವಜೀರಿಯವರ ಹಾಗೆ ಹೊಸದನ್ನು ಮಾಡಿಕೊಳ್ಳಲಿ. ಇರಾನಿನ ಒಬ್ಬ ನೇಯ್ ಅಥವಾ ಕಮಾಂಚೆ ವಾದಕರನ್ನು ಚೌಡಯ್ಯ ಸ್ಮಾರಕ ಭವನಕ್ಕೆ ಕರೆಸಿ, ಇಲ್ಲಿನ ಪಿಟೀಲು ವಾದಕರನ್ನು ಒಂದು ವಾರ ಅವರ ಬಳಿ ಕೂರಿಸಿದರೆ ಇನ್ನೂ ಒಳ್ಳೆಯದು. ನಿಮ್ಮ ಪತ್ರಿಕೆಯ ವಿಮರ್ಶಕರಲ್ಲೂ ಒಂದು ವಿನಂತಿ: ಇಂಥ ಕಚೇರಿಯ ಬಗ್ಗೆ ಬರೆಯುವಾಗ ಪೂರ್ವ ಪಶ್ಚಿಮಗಳ ಸಂಗಮ ಎಂದು ಬರೆದು ಮುಗಿಸಬೇಡಿ. ವೇದಿಕೆಯ ಹಿಂದೆ ಹೋಗಿ ಯಾರು ಯಾರ ಶ್ರುತಿಗೆ ಬಂದರು ಎಂದು ವಿಚಾರಿಸಿ, ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಪತ್ರ ಬರೆದ ಓದುಗರು ಬಳೇಪೇಟೆಯ ಕಡೆ ಬಂದರೆ ದಯವಿಟ್ಟು ನನ್ನ ಅಂಗಡಿಗೆ ಬರಲಿ. ವೀಣೆಗೆ ಮೇಳ ಕಟ್ಟುವವರು ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ರಾತ್ರಿ ಎಂಟರ ನಂತರವಾದರೆ ಒಳ್ಳೆಯದು, ಪಕ್ಕದ ಪಾತ್ರೆ ಅಂಗಡಿಯ ಸದ್ದು ನಿಂತಿರುತ್ತದೆ. 'ನೇಯ್‌ನವಾ' ಇನ್ನೂ ನನ್ನ ಮೊಬೈಲಿನಲ್ಲಿದೆ. ಊರಿಗೆ ಮರಳುವಾಗ ಆ ಹುಡುಗಿ ಬಿಟ್ಟುಹೋದ ಒಂದು ಸುರುಳಿ ಮೆಟ್ಟಿಲಿನ ದಾರವೂ ಇದೆ. ಹಳೆಯ ಸಿತಾರಿನ ದಂಡಿಗೆ ಅದನ್ನೊಮ್ಮೆ ಸುತ್ತಿ, ಆ ಸ್ವರ ಎಲ್ಲಿ ನಿಲ್ಲುತ್ತದೆ ಎಂದು ಅವರಿಗೆ ತೋರಿಸುತ್ತೇನೆ.

ಇಂತಿ ನಮಸ್ಕಾರಗಳು,
ವೀಣೆಯ ಮೇಳ ಕಟ್ಟುವ ನಿಮ್ಮ ಹಳೆಯ ಓದುಗ,
ಬಳೇಪೇಟೆ, ಬೆಂಗಳೂರು